ಗೋಮಾಳದ ಒಳಜಗಳ

ಪ್ರತಿ ನೂರು ರಾಸಿಗೆ 30 ಎಕರೆ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ಒಂದು ಊರಿನಲ್ಲಿ ದನ ಮೇಯಲು ಬಿಡಬೇಕಾದ ಗೋಮಾಳದ ಲೆಕ್ಕ ಇದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಯಾವ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದರೂ ಈ ಲೆಕ್ಕದ ಮಾತು ಕಿವಿಗೆ ಬೀಳುತ್ತದೆ. ಬಗರ್‌ಹುಕುಂ ಅರ್ಜಿ, ನಿವೇಶನದ ಬೇಡಿಕೆ, ಸ್ಮಶಾನ, ಶಾಲೆ, ಕಸ ವಿಲೇವಾರಿ ಘಟಕ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಗೋಮಾಳದ ಸರ್ವೆ ನಂಬರಿನ ಮುಂದೆಯೇ. ಮನುಷ್ಯರ ಈ ಜಗಳ ನಮಗೆಲ್ಲ ಗೊತ್ತಿರುವಂಥದ್ದು. ಅದೇ ಸರ್ವೆ ನಂಬರಿನೊಳಗೆ ಹುಲ್ಲಿಗೂ ಹುಲ್ಲಿಗೂ, ಹುಲ್ಲಿಗೂ ಗಿಡಕ್ಕೂ ಇನ್ನೊಂದು ಜಗಳ ನಡೆದೇ ಇರುತ್ತದೆ. ಅದಕ್ಕೆ ಅರ್ಜಿಯಿಲ್ಲ, ತಕರಾರಿಲ್ಲ. ಆ ಜಗಳದಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದರ ಮೇಲೆ, ಕಾಗದದಲ್ಲಿ ಗೋಮಾಳವಾಗಿ ಉಳಿದ ಜಾಗದಲ್ಲಿ ದನದ ಬಾಯಿಗೆ ಏನಾದರೂ ಸಿಗುತ್ತದೋ ಇಲ್ಲವೋ ಎಂಬುದು ನಿಂತಿದೆ.

ಮುಂಗಾರು ಹಿಡಿದು ತಿಂಗಳಾದ ಮೇಲೆ ಯಾವುದಾದರೂ ಗೋಮಾಳದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದೇ ಒಂದು ಮೊಳದಷ್ಟು ನೆಲ ನೋಡಿ. ದೂರದಿಂದ ಒಂದೇ ಹಸಿರು ಹಾಸು ಎನಿಸಿದ್ದು ಹತ್ತಿರದಿಂದ ಹತ್ತು ಬಗೆಯ ಗಿಡಗಳಾಗಿ ಬಿಡಿಬಿಡಿಯಾಗುತ್ತದೆ. ಗರಿಕೆ ನೆಲಕ್ಕಂಟಿಕೊಂಡು ಹರಿದಿರುತ್ತದೆ. ಅದರ ಬಳ್ಳಿಯನ್ನು ಎತ್ತಿದರೆ ಸಲೀಸಾಗಿ ಬರುವುದಿಲ್ಲ, ಗೆಣ್ಣುಗೆಣ್ಣಿಗೂ ಬೇರಿಳಿಸಿ ನೆಲ ಹಿಡಿದಿರುತ್ತದೆ. ನಡುವೆ ಎಲ್ಲಾದರೂ ಕಡಿದರೆ ಎರಡು ತುಂಡೂ ಬೇರೆಬೇರೆ ಗಿಡಗಳಾಗಿ ಬದುಕುತ್ತವೆ. ಅದರ ಸಂದಿನಲ್ಲಿ ಜೇಕು ಮೂರು ಮೂಲೆಯ ದಂಟು ಚಾಚಿ ನಿಂತಿರುತ್ತದೆ. ಅದರ ಬಂಡವಾಳವೆಲ್ಲ ಮಣ್ಣಿನ ಕೆಳಗಿನ ಗಡ್ಡೆಯಲ್ಲಿ. ಮೇಲಿನದನ್ನು ಕಿತ್ತ ರೈತ ಮನೆ ಸೇರಿ ನಾಲ್ಕು ದಿನ ಕಳೆಯುವುದರೊಳಗೆ ಗಡ್ಡೆ ಹೊಸ ಎಲೆ ಕಳುಹಿಸಿರುತ್ತದೆ. ಪಕ್ಕದಲ್ಲಿ ಮುಟ್ಟಿದರೆ ಮುನಿ, ಅದರ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾ. ಒಂದು ಬುಡ ತುಂಬೆ, ಎರಡು ಬುಡ ಉತ್ತರಾಣಿ. ಇನ್ನೂ ಹೂ ಬಿಡದ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಎಲೆಗಳನ್ನು ಚಕ್ರದ ಹಾಗೆ ನೆಲಕ್ಕೆ ಒತ್ತಿ ಹರಡಿಕೊಂಡಿರುತ್ತದೆ. ಆ ಎಲೆಯನ್ನು ಬೆರಳಿನಿಂದ ಎತ್ತಿ ನೋಡಿದರೆ ಕೆಳಗಿನ ಹುಲ್ಲಿನ ಮೊಳಕೆಗಳು ಬಿಳಿಚಿಕೊಂಡು, ಸೊರಗಿ ಮಲಗಿರುವುದು ಕಾಣುತ್ತದೆ. ಜಗಳ ಅಂದದ್ದು ಇದನ್ನೇ.

ಈ ಜಗಳಕ್ಕೆ ಎರಡು ಕಣಗಳಿವೆ. ಒಂದು ನೆಲದ ಮೇಲೆ, ಇನ್ನೊಂದು ಕೆಳಗೆ. ಎರಡರ ಸ್ವಭಾವವೂ ಬೇರೆ. ಕೆಳಗಿನದು ನೀರು ಮತ್ತು ಗೊಬ್ಬರದ ಅಂಶಗಳಿಗಾಗಿ. ಅಲ್ಲಿ ಹೆಚ್ಚು ಬೇರಿದ್ದ ಗಿಡಕ್ಕೆ ಹೆಚ್ಚು, ಕಡಿಮೆ ಬೇರಿದ್ದ ಗಿಡಕ್ಕೆ ಕಡಿಮೆ. ಬಡವನಿಗೂ ಅಷ್ಟೋ ಇಷ್ಟೋ ಸಿಕ್ಕೇ ಸಿಗುತ್ತದೆ. ಮೇಲಿನದು ಬೆಳಕಿಗಾಗಿ. ಅಲ್ಲಿನ ನ್ಯಾಯ ಬಸ್ಸಿನ ಸೀಟಿನದು: ಮೊದಲು ಹತ್ತಿದವನಿಗೆ ಪೂರ್ತಿ, ಹಿಂದಿನವನಿಗೆ ಕಂಬಿ. ಒಂದು ಗಿಡ ಪಕ್ಕದ್ದಕ್ಕಿಂತ ಎರಡು ಬೆರಳು ಎತ್ತರವಾದರೂ ಸಾಕು, ಬಿಸಿಲಿನ ದೊಡ್ಡ ಪಾಲನ್ನು ಅದೇ ನುಂಗುತ್ತದೆ. ನುಂಗಿದ ಬಿಸಿಲಿನಿಂದ ಇನ್ನೂ ಎತ್ತರವಾಗುತ್ತದೆ. ಕೆಳಗಿನದು ಇನ್ನೂ ಕೆಳಗಾಗುತ್ತದೆ. ಅದಕ್ಕೇ ಹುಲ್ಲುಗಾವಲಿನಲ್ಲಿ ಗಿಡಗಳು ಪೂರ್ತಿ ಕಣ್ಮರೆಯಾಗುವುದು ಸಾಮಾನ್ಯವಾಗಿ ಬೆಳಕಿನ ಜಗಳದಲ್ಲಿ. ನೀರಿನ ಜಗಳದಲ್ಲಿ ಅವು ಬಡವಾಗುತ್ತವೆ, ಆದರೆ ಹಲವು ಜಾತಿಗಳು ಒಟ್ಟಿಗೆ ಉಳಿದುಕೊಳ್ಳುತ್ತವೆ.

ಇದನ್ನು ಅಂಗಳದಲ್ಲೇ ಪರೀಕ್ಷೆ ಮಾಡಿ ತೋರಿಸಿದವನು ಚಾರ್ಲ್ಸ್ ಡಾರ್ವಿನ್. ನಿಯತವಾಗಿ ಕತ್ತರಿಸುತ್ತಿದ್ದ ಹುಲ್ಲುಹಾಸಿನಲ್ಲಿ ಮೂರು ಅಡಿಗೆ ನಾಲ್ಕು ಅಡಿಯಷ್ಟು ಜಾಗವನ್ನು ಕತ್ತರಿಸದೆ ಬೆಳೆಯಲು ಬಿಟ್ಟ. ಅದರಲ್ಲಿದ್ದ 20 ಜಾತಿಗಳ ಪೈಕಿ 9 ಜಾತಿಗಳು ಸತ್ತುಹೋದವು. ಅವನ್ನು ಯಾರೂ ಕೀಳಲಿಲ್ಲ, ಯಾರೂ ತುಳಿಯಲಿಲ್ಲ. ಉಳಿದವು ಎತ್ತರವಾದವು, ಅಷ್ಟೇ. 1859ರಲ್ಲಿ ಬಂದ ಅವನ ಜಗತ್ಪ್ರಸಿದ್ಧ ಪುಸ್ತಕದಲ್ಲಿ ಈ ಪ್ರಯೋಗಕ್ಕೆ ಸಿಕ್ಕಿರುವುದು ಕೆಲವೇ ಸಾಲು. ನನಗಂತೂ ಅದರಲ್ಲಿನ ಎಷ್ಟೋ ದೊಡ್ಡ ವಾದಗಳಿಗಿಂತ ಈ ಹನ್ನೆರಡು ಚದರ ಅಡಿ ನೆಲವೇ ಹೆಚ್ಚು ಹೇಳುತ್ತದೆ ಅನಿಸುತ್ತದೆ. ಕತ್ತರಿಯೋ ದನದ ಬಾಯೋ ಬಂದು ದೊಡ್ಡದನ್ನು ತಗ್ಗಿಸುತ್ತಿದ್ದರೆ ಮಾತ್ರ ಚಿಕ್ಕದಕ್ಕೆ ಬಾಳು.

ದನದ ಬಾಯಿ ಎಂದಾಗ ಹುಲ್ಲಿನ ರಚನೆಯಲ್ಲಿರುವ ಒಂದು ಜಾಣತನವನ್ನು ಹೇಳಬೇಕು. ಮರದ ಸಸಿ ಬೆಳೆಯುವುದು ತುದಿಯಿಂದ. ತುದಿ ಚಿವುಟಿದರೆ ಅದರ ಮುಂಗಾರು ಹೋಯಿತೆಂದೇ ಅರ್ಥ. ಹುಲ್ಲು ಬೆಳೆಯುವುದು ಬುಡದಿಂದ. ಬೆಳೆಯುವ ಮೊಗ್ಗು ನೆಲದ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ. ಹಸು ನಾಲಿಗೆ ಸುತ್ತಿ ಹುಲ್ಲನ್ನು ಎಳೆದು ಕೀಳುತ್ತದೆ, ಅದಕ್ಕೆ ಮೇಲ್ದವಡೆಯಲ್ಲಿ ಮುಂಭಾಗದ ಹಲ್ಲೇ ಇಲ್ಲ. ಹಾಗಾಗಿ ಅದು ಮೇದ ಮೇಲೂ ಒಂದೆರಡು ಅಂಗುಲ ಕೂಳೆ ಉಳಿಯುತ್ತದೆ, ಮೊಗ್ಗು ಕ್ಷೇಮವಾಗಿರುತ್ತದೆ. ಸೀಳು ತುಟಿಯ ಕುರಿ ಇನ್ನೂ ಕೆಳಗೆ ಬಾಯಿ ಹಾಕಬಲ್ಲದು. ಆಡಿಗೆ ಹುಲ್ಲಿಗಿಂತ ಪೊದೆಯ ಚಿಗುರು ಇಷ್ಟ. ಬೇಸಿಗೆಯ ಬೆಂಕಿಯಲ್ಲೂ ಇದೇ ಕಥೆ. ಒಣಹುಲ್ಲು ಉರಿದುಹೋದರೂ ಬುಡದ ಮೊಗ್ಗು ಬದುಕಿರುತ್ತದೆ, ಪಕ್ಕದ ಮರದ ಸಸಿ ಕಮರಿಹೋಗುತ್ತದೆ. ಪ್ರತಿವರ್ಷ ಬೆಂಕಿ ಹಾಕುವುದನ್ನು ನಾನು ಇಲ್ಲಿ ಸಮರ್ಥಿಸುತ್ತಿಲ್ಲ, ಅದರಿಂದ ಮಣ್ಣಿಗೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಕೇಡು. ಹೇಳುತ್ತಿರುವುದು ಇಷ್ಟೇ: ಮೇಯುವ ಬಾಯಿ ಮತ್ತು ಬೆಂಕಿ ಇವೆರಡೂ ಹುಲ್ಲಿನ ಶತ್ರುಗಳಂತೆ ಕಂಡರೂ, ಮರ ಮತ್ತು ಪೊದೆಯೊಂದಿಗಿನ ಅದರ ಹಳೆಯ ವ್ಯಾಜ್ಯದಲ್ಲಿ ಅವು ನಿಂತಿರುವುದು ಹುಲ್ಲಿನ ಪರವಾಗಿ.

ನೀರಿನ ವಿಷಯದಲ್ಲೂ ಹುಲ್ಲಿಗೂ ಮರಕ್ಕೂ ಒಂದು ಬಗೆಯ ಹಂಚಿಕೆ ಇದೆ. ಹುಲ್ಲಿನ ಬೇರು ಮೇಲ್ಮಣ್ಣಿನಲ್ಲಿ ದಟ್ಟವಾಗಿ ಹೆಣೆದಿರುತ್ತದೆ. ಭರಣಿ ಮಳೆಯ ನಾಲ್ಕು ಹನಿ ಬಿದ್ದರೂ ಮೊದಲು ಹಿಡಿದುಕೊಳ್ಳುವುದು ಅದೇ. ಬೆಳೆದ ಮರ ಆಳದ ನೀರಿಗೆ ಬೇರು ಇಳಿಸಿರುತ್ತದೆ. ಹಾಗಾಗಿ ದೊಡ್ಡ ಮರಕ್ಕೂ ಹುಲ್ಲಿಗೂ ಅಷ್ಟಾಗಿ ತಕರಾರಿಲ್ಲ. ತಕರಾರು ಬರುವುದು ಮರ ಇನ್ನೂ ಸಸಿಯಾಗಿದ್ದಾಗ. ಆಗ ಅದರ ಬೇರೂ ಮೇಲ್ಮಣ್ಣಿನಲ್ಲೇ ಇರುತ್ತದೆ, ಅಲ್ಲಿ ಹುಲ್ಲಿನ ಜೊತೆ ಪೈಪೋಟಿಗೆ ನಿಂತು ಗೆಲ್ಲುವುದು ಕಷ್ಟ. ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಚೀಚೆ ಮಳೆ ಬೀಳುವ ಚನ್ನರಾಯಪಟ್ಟಣದ ಬಯಲಿನಲ್ಲಿ ಹುಲ್ಲು ಈ ಜಗಳವನ್ನು ಸಾವಿರಾರು ವರ್ಷ ಗೆಲ್ಲುತ್ತ ಬಂದದ್ದು ಹೀಗೆ. ಅಲ್ಲೊಂದು ಇಲ್ಲೊಂದು ಜಾಲಿ, ಈಚಲು, ಬೇವು, ನಡುವೆಲ್ಲ ಹುಲ್ಲು. ಅದು ಕಾಡು ಕಡಿದು ಉಳಿದ ಬೋಳು ನೆಲ ಎಂದು ನಮಗೆ ಶಾಲೆಯಿಂದಲೂ ಹೇಳಿಕೊಟ್ಟಿದ್ದಾರೆ. ಎಲ್ಲ ಕಡೆಯೂ ಹಾಗಲ್ಲ. ದಖ್ಖನಿನ ಬಯಲು ಬಹುಪಾಲು ಹುಲ್ಲಿನದೇ ಸ್ವಂತ ಸೀಮೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಅವರಂಥ ವಿಜ್ಞಾನಿಗಳು ಹದಿನೈದು ವರ್ಷಗಳಿಂದ ಇದೇ ಮಾತನ್ನು ಹೇಳುತ್ತಿದ್ದಾರೆ: ನಾವು ಒಣ ಕಾಡು, ಹಾಳು ಕಾಡು ಎಂದು ಕರೆಯುವ ಎಷ್ಟೋ ಜಾಗಗಳು ನಿಜಕ್ಕೂ ಮರಗಳಿರುವ ಹುಲ್ಲುಗಾವಲುಗಳು.

ಮೈಸೂರಿನ ಅರಸರಿಗೆ ಇದು ವಿಜ್ಞಾನಿಗಳ ಸಹಾಯವಿಲ್ಲದೆಯೇ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅರಮನೆಯ ದನಗಳ ಉಸ್ತುವಾರಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ನಡೆಯುತ್ತಿತ್ತು. ಹೈದರಾಲಿ ಅದೇ ಹಿಂಡುಗಳನ್ನು ಫಿರಂಗಿ ಎಳೆಯಲು ಬಳಸಿದ. ಟಿಪ್ಪು ಸುಲ್ತಾನ ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಕಡೆಯೆಲ್ಲ ಸೇರಿ ಅವು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿದ್ದವು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ರಾಯಸಮುದ್ರದ ಕಾವಲಿನಲ್ಲಿ ಇವತ್ತಿಗೂ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ.

ಕಾವಲಿನ ವ್ಯವಸ್ಥೆಯಲ್ಲಿ ನನಗೆ ಮುಖ್ಯವೆನಿಸುವುದು ಎಕರೆಯಲ್ಲ, ಕ್ಯಾಲೆಂಡರು. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಪಾಲು ಮಾಡಿದ್ದರು. ಬೇಸಿಗೆ ಕಾವಲುಗಳು ಹೆಚ್ಚಾಗಿ ಕೆರೆಯಂಗಳಗಳು. ನೀರು ಇಂಗಿದಂತೆ ಅಲ್ಲಿ ಹಸಿ ಹುಲ್ಲು ಮೇಲೇಳುತ್ತದೆ, ನೆರಳಿಗೆ ಮರವೂ ಇರುತ್ತದೆ. ಮಳೆ ಬಂದಾಗ ಹಿಂಡು ಅಲ್ಲಿಂದ ಹೊರಡುತ್ತಿತ್ತು. ಇದರ ಅರ್ಥ, ಪ್ರತಿ ಕಾವಲಿಗೂ ವರ್ಷದಲ್ಲಿ ಕೆಲವು ತಿಂಗಳು ಭಾರಿ ಮೇವಿನ ಹೊಡೆತ, ಕೆಲವು ತಿಂಗಳು ಪೂರ್ತಿ ಬಿಡುವು. ಹೊಡೆತ ಬಿದ್ದಾಗ ಎತ್ತರದ ಹುಲ್ಲು ತಗ್ಗಿ ಗಿಡ್ಡ ಹುಲ್ಲಿಗೆ ಬೆಳಕು ಸಿಗುತ್ತಿತ್ತು. ಬಿಡುವು ಸಿಕ್ಕಾಗ ದನಕ್ಕೆ ಇಷ್ಟವಾದ ಹುಲ್ಲೂ ತೆನೆ ಕಟ್ಟಿ ಬೀಜ ಉದುರಿಸಿಕೊಳ್ಳುತ್ತಿತ್ತು. ಜಗಳದಲ್ಲಿ ಯಾರೂ ಪೂರ್ತಿ ಗೆಲ್ಲದ ಹಾಗೆ ನೋಡಿಕೊಳ್ಳುವ ಏರ್ಪಾಡು ಅದು. ಅವರ ಉದ್ದೇಶ ಫಿರಂಗಿಯೇ ಆಗಿದ್ದರೂ ಆದ ಕೆಲಸ ಇದು.

ಬಿಡುವು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೂ ಒಳ್ಳೆಯ ದಾಖಲೆ ಇದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1973ರಲ್ಲಿ ಪ್ರಕಟಿಸಿದ ದೇಶದ ಹುಲ್ಲುಗಾವಲುಗಳ ಸಮೀಕ್ಷೆಯಲ್ಲಿ ನಮ್ಮ ಪರ್ಯಾಯದ್ವೀಪದ ಬಯಲನ್ನು ಸೆಹಿಮ–ಡೈಕ್ಯಾಂಥಿಯಂ ಹುಲ್ಲುಗಳ ಸೀಮೆ ಎಂದು ಗುರುತಿಸಿದ್ದಾರೆ. ಎರಡೂ ಬಹುವಾರ್ಷಿಕ ಹುಲ್ಲುಗಳು, ದನಕ್ಕೆ ರುಚಿ. ರುಚಿಯೇ ಅವಕ್ಕೆ ಮುಳುವು. ಬಿಡುವಿಲ್ಲದೆ ಮೇಯಿಸಿದರೆ ದನ ಮೊದಲು ಮುಗಿಸುವುದು ಅವನ್ನೇ. ಆ ಜಾಗಕ್ಕೆ ಹೆಟೆರೊಪೋಗನ್ ಬರುತ್ತದೆ, ಪಂಚೆಯ ಅಂಚಿಗೆ ಚುಚ್ಚಿಕೊಂಡು ಮನೆತನಕ ಬರುವ ಮುಳ್ಳುಬೀಜದ ಹುಲ್ಲು. ಅದರ ಬೀಜದ ಬಾಲ ಒಣಗಿದಾಗ ಹುರಿಯಾಗಿ ಸುತ್ತಿಕೊಳ್ಳುತ್ತದೆ, ತೇವ ತಾಕಿದಾಗ ಬಿಚ್ಚಿಕೊಳ್ಳುತ್ತದೆ. ಹೀಗೆ ತಿರುಗುತ್ತ ತಿರುಗುತ್ತ ಬೀಜವನ್ನು ಮಣ್ಣಿನೊಳಕ್ಕೆ ಕೊರೆದು ಇಳಿಸುತ್ತದೆ. ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಟ್ಟರೆ ಕಣ್ಣೆದುರೇ ಹೊರಳಾಡುತ್ತದೆ, ಮಕ್ಕಳಿಗೆ ತೋರಿಸಿ. ಇನ್ನೂ ಮೇಯಿಸಿದರೆ ಅದೂ ಹೋಗಿ ಅರಿಸ್ಟಿಡದಂಥ ಒರಟು, ತೆಳು ಹುಲ್ಲು ಉಳಿಯುತ್ತದೆ. ಆಮೇಲೆ ದನ ಮೂಸಿ ಬಿಡುವ ಗಿಡಗಳ ಸರದಿ: ತಂಗಡಿ, ಬಂದರೆ, ಎಕ್ಕ, ತುಂಬೆ. ಮೇಯುವ ಬಾಯಿ ಇಷ್ಟು ಹೊತ್ತು ಹುಲ್ಲಿನ ಪರವಾಗಿತ್ತಲ್ಲ, ಅದೇ ಬಾಯಿ ಈಗ ಹುಲ್ಲಿನ ವಿರುದ್ಧ ತೀರ್ಪು ಕೊಡುತ್ತದೆ. ಎಷ್ಟು ಮೇಯುತ್ತದೆ ಎನ್ನುವುದರಷ್ಟೇ ಯಾವಾಗ ಮೇಯುವುದನ್ನು ನಿಲ್ಲಿಸುತ್ತದೆ ಎನ್ನುವುದೂ ಮುಖ್ಯ.

ಪಾರ್ಥೇನಿಯಂ ಬಂದದ್ದು ಈ ಖಾಲಿ ಬಿದ್ದ ಜಾಗಕ್ಕೆ. ಈ ದೇಶದಲ್ಲಿ ಅದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವಿನಲ್ಲಿ, ಪುಣೆಯಲ್ಲಿ. ಒಂದು ಗಿಡ ಹತ್ತಿಪ್ಪತ್ತು ಸಾವಿರ ಬೀಜ ಉದುರಿಸಬಲ್ಲದು. ಅದರ ಎಲೆ, ಬೇರಿನಿಂದ ಇಳಿಯುವ ಪಾರ್ಥೆನಿನ್ ಎಂಬ ರಾಸಾಯನಿಕ ಪಕ್ಕದ ಬೀಜಗಳ ಮೊಳಕೆಯನ್ನು ಕುಗ್ಗಿಸುತ್ತದೆ. ದನ ತಿನ್ನುವುದಿಲ್ಲ, ಅಪ್ಪಿತಪ್ಪಿ ತಿಂದರೆ ಹಾಲು ಕಹಿ. ಇಷ್ಟೆಲ್ಲ ಆಯುಧವಿದ್ದೂ ಅದಕ್ಕೊಂದು ದೌರ್ಬಲ್ಯವಿದೆ. ದಟ್ಟವಾಗಿ ಹೆಣೆದ ಗರಿಕೆಯ ನಡುವೆ ಅದು ತಲೆಯೆತ್ತುವುದು ಕಷ್ಟ. ಅದಕ್ಕೆ ಬೇಕಾದದ್ದು ಬೆತ್ತಲೆ ಮಣ್ಣು. ರಸ್ತೆಯ ಮಗ್ಗುಲು, ಜೆಸಿಬಿ ಕೆರೆದ ಜಾಗ, ಮೇದು ಮೇದು ನೆಲ ಕಾಣುವಂತಾದ ಗೋಮಾಳ, ಹೊಲ ಪಾಳು ಬಿಟ್ಟ ಮೊದಲ ವರ್ಷ, ಇವು ಅದರ ಪ್ರಿಯವಾದ ತಾಣಗಳು. ಪಾರ್ಥೇನಿಯಂ ಹುಲ್ಲನ್ನು ಓಡಿಸಿತು ಎಂದು ದೂರುವವರು ಅದು ಬರುವ ಮೊದಲೇ ಹುಲ್ಲು ಎಷ್ಟು ತೆಳುವಾಗಿತ್ತು ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ಅದನ್ನು ಸೋಲಿಸಲು ಕರ್ನಾಟಕದಲ್ಲಿ ನಡೆದ ಎರಡು ಪ್ರಯತ್ನಗಳೂ ಕುತೂಹಲಕರ. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊ ಮೂಲದ ಜೈಗೊಗ್ರಾಮ ಜೀರುಂಡೆಯನ್ನು ಬಿಟ್ಟರು. ಅದು ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಯನ್ನು ಜರಡಿ ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಇನ್ನೊಂದು ದಾರಿ, ಗಿಡದಿಂದಲೇ ಗಿಡವನ್ನು ಹಣಿಯುವುದು. ಭತ್ತದ ತಳಿಗಳಿಗೆ ಹೆಸರಾದ ಡಾ. ಎಂ. ಮಹದೇವಪ್ಪ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದವರು, ತಗಚೆಯ ಬಳಗಕ್ಕೆ ಸೇರಿದ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡದ ಬೀಜ ಎರಚಿ ಎಂದು ವರ್ಷಗಟ್ಟಲೆ ಪ್ರಚಾರ ಮಾಡಿದರು. ಅದು ಮುಂಗಾರಿನಲ್ಲಿ ಒತ್ತೊತ್ತಾಗಿ ಹುಟ್ಟಿ ಪಾರ್ಥೇನಿಯಂ ಮೊಳಕೆಗೆ ಬೆಳಕು ತಪ್ಪಿಸುತ್ತದೆ. ಧಾರವಾಡದ ಸುತ್ತ ಅದು ಪಾರ್ಥೇನಿಯಂ ಅನ್ನು ಹಿಂದಕ್ಕೆ ತಳ್ಳಿದ್ದನ್ನು ಜನ ಕಣ್ಣಾರೆ ಕಂಡರು. ಮಹದೇವಪ್ಪನವರ ಕಳಕಳಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಈ ಗಿಡವೂ ಅಮೆರಿಕ ಖಂಡದಿಂದ ಬಂದದ್ದೇ, ಇದನ್ನೂ ದನ ಮುಟ್ಟುವುದಿಲ್ಲ. ರಸ್ತೆ ಬದಿಗೆ, ಖಾಲಿ ನಿವೇಶನಕ್ಕೆ ಸರಿ. ಗೋಮಾಳದಲ್ಲಿ ಒಬ್ಬ ಅತಿಕ್ರಮಣದಾರನನ್ನು ಬಿಡಿಸಲು ಇನ್ನೊಬ್ಬನನ್ನು ಕೂರಿಸಿದರೆ ಹಸುವಿಗೆ ಬಂದ ಭಾಗ್ಯ ಅಷ್ಟರಲ್ಲೇ ಇದೆ.

ಪಶ್ಚಿಮಕ್ಕೆ ಹೋದಂತೆ ಎದುರಾಳಿಗಳು ಬದಲಾಗುತ್ತಾರೆ. ಅರಕಲಗೂಡಿನ ಮಲ್ಲಿಪಟ್ಟಣದ ಕಡೆ ಮಳೆ ಹೆಚ್ಚು, ಅರೆಮಲೆನಾಡಿನ ಗಾಳಿ. ಅಲ್ಲಿ ಪಾರ್ಥೇನಿಯಂಗಿಂತ ಲಂಟಾನ ಮತ್ತು ಯುಪಟೋರಿಯಂ, ಅಂದರೆ ಕಮ್ಯುನಿಸ್ಟ್ ಗಿಡ, ದೊಡ್ಡ ತಲೆನೋವು. ಲಂಟಾನವನ್ನು ಇಂಗ್ಲಿಷರು ಹೂವಿನ ಚೆಂದಕ್ಕೆಂದು 1809ರಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಹಣ್ಣು ತಿಂದ ಹಕ್ಕಿಗಳು ಉಳಿದ ಕೆಲಸ ಮಾಡಿದವು. ಇವೆರಡೂ ಪೊದೆಗಳು, ಹುಲ್ಲಿಗಿಂತ ಆಳೆತ್ತರ ಮೇಲೆ. ಒಮ್ಮೆ ಅವು ತಲೆ ಕೂಡಿಸಿಕೊಂಡರೆ ಕೆಳಗಿನ ಹುಲ್ಲಿಗೆ ಬಿಸಿಲೇ ಇಲ್ಲ. ಹುಲ್ಲಿಲ್ಲವೆಂದ ಮೇಲೆ ದನ ಅತ್ತ ಹೋಗುವುದಿಲ್ಲ. ದನ ಹೋಗದಿದ್ದರೆ ತುಳಿಯುವವರೂ ಇಲ್ಲ, ಮೇಯುವವರೂ ಇಲ್ಲ. ಪೊದೆ ಇನ್ನಷ್ಟು ಹರಡುತ್ತದೆ.

ಇಲ್ಲಿ ನಮ್ಮ ಜಿಲ್ಲೆಯ ಹೈನುಗಾರಿಕೆಯ ಮಾತೂ ಬರುತ್ತದೆ. ಮನೆಮುಂದೆ ಕಟ್ಟಿದ ಎಚ್‌ಎಫ್ ಹಸು, ಜೆರ್ಸಿ ಹಸು ಗೋಮಾಳಕ್ಕೆ ಹೋಗುವುದಿಲ್ಲ. ಅದಕ್ಕೆ ತೋಟದ ಬದಿಯ ಸೀಮೆಹುಲ್ಲು, ಮುಸುಕಿನ ಜೋಳದ ಕಡ್ಡಿ, ಡೇರಿಯ ಹಿಂಡಿ. ಹಳ್ಳಿಕಾರ್ ಜೋಡಿಗಳನ್ನು ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಸಿಂಗರಿಸಿ ನಿಲ್ಲಿಸುವುದನ್ನು ಈಗಲೂ ನೋಡಬಹುದು, ಅವೂ ಬಹುಪಾಲು ಕಟ್ಟಿ ಮೇಯಿಸಿದ ರಾಸುಗಳೇ. ಹೀಗಾಗಿ ಕೆಲವು ಗೋಮಾಳಗಳಲ್ಲಿ ಕುರಿಮಂದೆಯ ಭಾರ ಹನ್ನೆರಡು ತಿಂಗಳೂ ಬೀಳುತ್ತದೆ, ಇನ್ನು ಕೆಲವಕ್ಕೆ ವರ್ಷಗಟ್ಟಲೆ ಒಂದು ರಾಸೂ ಕಾಲಿಡುವುದಿಲ್ಲ. ಒಂದು ಕಡೆ ಪಾರ್ಥೇನಿಯಂ, ಇನ್ನೊಂದು ಕಡೆ ಲಂಟಾನ. ಎರಡೂ ಒಂದೇ ಊರಿನ ಎರಡು ದಿಕ್ಕಿನಲ್ಲಿ ಕಂಡರೂ ಆಶ್ಚರ್ಯವಿಲ್ಲ.

ಗೊಬ್ಬರ ಹಾಕಿದರೆ ಹುಲ್ಲುಗಾವಲು ಸುಧಾರಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಇಳುವರಿ ಹೆಚ್ಚುತ್ತದೆ, ಜಾತಿಗಳು ಸಾಯುತ್ತವೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ 1856ರಲ್ಲಿ ಶುರುವಾದ ಹುಲ್ಲುಗಾವಲಿನ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಗೊಬ್ಬರ ಕಾಣದ ಪಟ್ಟಿಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳಿವೆ. ಸುಣ್ಣ ಹಾಕದೆ ಅಮೋನಿಯಂ ಸಲ್ಫೇಟ್ ಸುರಿಯುತ್ತ ಬಂದ ಪಟ್ಟಿಗಳಲ್ಲಿ ಮಣ್ಣು ಹುಳಿಯಾಗಿ ಒಂದೆರಡು ಹುಲ್ಲುಗಳದೇ ಸಾಮ್ರಾಜ್ಯ. ಗೊಬ್ಬರ ಬಿದ್ದಾಗ ಕೆಳಗಿನ ಜಗಳ ಮುಗಿದು ಜಗಳವೆಲ್ಲ ಮೇಲಕ್ಕೆ, ಬೆಳಕಿಗೆ ಬರುತ್ತದೆ. ಆಗ ಎತ್ತರದವನೇ ರಾಜ. ಇದನ್ನು 2009ರಲ್ಲಿ ಜ್ಯೂರಿಕ್‌ನ ಸಂಶೋಧಕರು ಚೆಂದವಾಗಿ ಪರೀಕ್ಷಿಸಿದರು. ಗೊಬ್ಬರ ಹಾಕಿದ ಹುಲ್ಲಿನ ಬುಡದಲ್ಲಿ ದೀಪ ಇಟ್ಟರು. ಕೆಳಗಿನ ಗಿಡಗಳಿಗೆ ಬೆಳಕು ಸಿಕ್ಕಿದ್ದೇ ತಡ, ಅವು ಸಾಯುವುದು ನಿಂತಿತು. ನಮ್ಮಲ್ಲಿ ಇದನ್ನು ನೋಡಲು ದೀಪ ಬೇಡ. ಕುರಿಮಂದೆ ಕೂಡಿದ್ದ ಹಳೆಯ ರೊಪ್ಪದ ಜಾಗಕ್ಕೆ ಹೋಗಿ. ಸುತ್ತಲಿನ ಹುಲ್ಲು ಮೊಳಕಾಲಿಗೂ ಬಾರದಿರುವಾಗ ಅಲ್ಲಿ ಉಮ್ಮತ್ತಿ, ಉತ್ತರಾಣಿ, ಪಾರ್ಥೇನಿಯಂ ಸೊಂಟದೆತ್ತರ ನಿಂತಿರುತ್ತವೆ. ಸಗಣಿ ಬಿದ್ದ ಕಡೆ ನೋಡಿದರೂ ಆದೀತು. ಹಸು ತನ್ನ ಸಗಣಿಯ ಸುತ್ತಲ ಹುಲ್ಲನ್ನು ಮೇಯುವುದಿಲ್ಲ. ಅಲ್ಲೊಂದು ಗುಪ್ಪೆ ಹುಲ್ಲು ಕಡು ಹಸಿರಾಗಿ ಎತ್ತರಕ್ಕೆ ಬೆಳೆದು, ಬುಡದ ಸಣ್ಣ ಗಿಡಗಳನ್ನೆಲ್ಲ ನುಂಗಿರುತ್ತದೆ.

ಜಗಳದ ಬಗ್ಗೆಯೇ ಹೇಳುತ್ತ ಹೋದರೆ ಹೊಂದಾಣಿಕೆಯನ್ನು ಮರೆತಂತಾಗುತ್ತದೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ಹುಲ್ಲುಗಾವಲಿನ ಪಾಠವನ್ನು ನೇಗಿಲಿನಿಂದ ಬರೆದ ಹಾಗಿದೆ. ರಾಗಿಯೂ ಒಂದು ಹುಲ್ಲೇ. ಅದರ ಬೇರು ಮೇಲ್ಮಣ್ಣಿನಲ್ಲಿ. ಅಕ್ಕಡಿಯ ಅವರೆ ಬೇರಿಳಿಸುವುದು ಆಳಕ್ಕೆ, ಸಾರಜನಕಕ್ಕೂ ಅದು ರಾಗಿಯ ತಟ್ಟೆಗೆ ಕೈ ಹಾಕುವುದಿಲ್ಲ. ರಾಗಿ ಬೆಳಕಿಗೆ ಎದ್ದು ನಿಂತಿರುವಾಗ ಅವರೆ ತಗ್ಗಿ ಕೂತಿರುತ್ತದೆ. ರಾಗಿ ಕೊಯ್ದ ಮೇಲೆ ಹಬ್ಬಿ, ಮಾಗಿಯ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತದೆ. ಜಾಗ ಒಂದೇ ಆದರೂ ಆಳ ಬೇರೆ, ಕಾಲ ಬೇರೆ. ಹುಲ್ಲುಗಾವಲಿನಲ್ಲಿ ಹತ್ತಾರು ಜಾತಿಗಳು ಒಂದು ಮೊಳ ನೆಲದಲ್ಲಿ ಬಾಳುವ ಗುಟ್ಟಿನ ಒಂದು ಪಾಲು ಇದೇ.

ಈಗ ಮರದ ವಿಷಯ. ಗೋಮಾಳ ಮತ್ತು ಕಾವಲುಗಳಿಗೆ ಅತಿ ದೊಡ್ಡ ಪೆಟ್ಟು ಕೊಟ್ಟದ್ದು ಕಳೆಗಿಡವಲ್ಲ, ನಾವೇ ನೆಟ್ಟ ಮರ. 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ, ಆಮೇಲೆ ಅಕೇಸಿಯ ಹಳ್ಳಿ ಹಳ್ಳಿಯ ಹುಲ್ಲಿನ ನೆಲಕ್ಕೆ ಇಳಿದವು. ಸಸಿಯಾಗಿದ್ದಾಗ ಹುಲ್ಲಿನೆದುರು ಸೋಲಬೇಕಿದ್ದ ಮರಕ್ಕೆ ನಾವು ಗುಂಡಿ ತೋಡಿ, ಸುತ್ತಲಿನ ಹುಲ್ಲು ಕೆತ್ತಿ, ಟ್ರೆಂಚ್ ಹೊಡೆದು, ದನ ಬಾರದಂತೆ ಕಾದು ಗೆಲ್ಲಿಸಿಕೊಟ್ಟೆವು. ಪಂದ್ಯದಲ್ಲಿ ಒಬ್ಬನ ಕೈಕಟ್ಟಿ ಇನ್ನೊಬ್ಬನನ್ನು ಗೆಲ್ಲಿಸಿದ ಹಾಗೆ ಎನ್ನೋಣವೆಂದರೆ, ಸೋತವನ ಊಟವನ್ನೂ ಕಿತ್ತುಕೊಂಡಿದ್ದೇವೆ. ನೀಲಗಿರಿಯ ತರಗು ಬಿದ್ದ ನೆಲದಲ್ಲಿ ಹುಲ್ಲು ಹುಟ್ಟುವುದು ವಿರಳ. ಅದರ ಬೇರು ಆಳದ ನೀರನ್ನೂ ಮೇಲಿನ ನೀರನ್ನೂ ಬಿಡುವುದಿಲ್ಲ. ಅಂತರ್ಜಲದ ಗಾಬರಿಯಲ್ಲಿ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಸಂತೋಷ. ಆದರೆ ನೀಲಗಿರಿಯ ಬದಲು ಹೊಂಗೆ, ಬೇವು ನೆಟ್ಟರೆ ಗೋಮಾಳ ಉದ್ಧಾರವಾಯಿತು ಎಂಬ ಹೊಸ ಭ್ರಮೆ ಹುಟ್ಟಿದೆ. ಹೊಂಗೆ ಒಳ್ಳೆಯ ಮರವೇ. ಬದುವಿನಲ್ಲಿ, ರಸ್ತೆಬದಿಯಲ್ಲಿ, ಊರಬಾಗಿಲಿನಲ್ಲಿ ನೆಡಲಿ. ಮೂರು ಮೀಟರಿಗೊಂದರಂತೆ ಹುಲ್ಲಿನ ಮೇಲೆ ನೆಟ್ಟರೆ ಅದರ ನೆರಳೂ ನೆರಳೇ.

ಗಾಳಿಯೂ ಈಗ ಮರದ ಪಕ್ಷ ಸೇರಿದೆ. ನಮ್ಮ ಬಯಲಿನ ಹುಲ್ಲುಗಳಲ್ಲಿ ಹೆಚ್ಚಿನವು ಸಿ4 ಎಂಬ ಬಗೆಯವು. ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ಒತ್ತಟ್ಟಿಗೆ ಕೂಡಿಹಾಕಿಕೊಂಡು ಬಳಸುವ ಉಪಾಯ ಅವಕ್ಕೆ ಗೊತ್ತು, ಹಾಗಾಗಿ ಸುಡುಬಿಸಿಲಿನಲ್ಲೂ ಕಡಿಮೆ ನೀರಲ್ಲಿ ಬೆಳೆಯುತ್ತವೆ. ಮರ, ಪೊದೆ, ಪಾರ್ಥೇನಿಯಂಗಳಿಗೆ ಈ ಉಪಾಯ ಹುಲ್ಲಿನಷ್ಟು ಇಲ್ಲ. ಗಾಳಿಯಲ್ಲಿ ಈ ಅನಿಲ ಹೆಚ್ಚಿದಂತೆ ಹುಲ್ಲಿನ ಈ ಹೆಚ್ಚುಗಾರಿಕೆ ಸವೆಯುತ್ತದೆ. ಕೈಗಾರಿಕೆಗಳಿಗೆ ಮೊದಲು ಹತ್ತು ಲಕ್ಷಕ್ಕೆ 280ರಷ್ಟಿದ್ದದ್ದು ಈಗ 420 ದಾಟಿದೆ. ಅಂದರೆ ಮೊದಲಿನಷ್ಟೇ ಮೇದು, ಮೊದಲಿನಷ್ಟೇ ಕಾದರೂ ಪೊದೆ ಮೊದಲಿಗಿಂತ ಬೇಗ ಏಳುತ್ತದೆ. ಅಜ್ಜನ ಕಾಲದಲ್ಲಿ ತಾನಾಗಿಯೇ ಉಳಿದುಕೊಂಡ ಹುಲ್ಲು ಮೊಮ್ಮಗನ ಕಾಲದಲ್ಲಿ ನೋಡಿಕೊಳ್ಳುವವರಿಲ್ಲದೆ ಉಳಿಯಲಾರದು.

ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರೊಟ್ಟಿನ ಜಮೀನುಗಳ ಒತ್ತುವರಿ ತೆರವು ಮಾಡಿ ಗ್ರಾಮದವರ ಬಳಕೆಗೆ ಮರಳಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಒತ್ತುವರಿ ಎಂದರೆ ಬೇಲಿ, ಬೋರ್‌ವೆಲ್ಲು ಮಾತ್ರ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಲಂಟಾನದ ಒತ್ತುವರಿಗೂ, ಅಕೇಸಿಯ ನೆಡುತೋಪಿನ ಒತ್ತುವರಿಗೂ ತೆರವಿನ ನೋಟಿಸು ಕೊಡುವವರು ಬೇಕು.

ಹಾಗಾಗಿ ಮೊದಲಿಗೆ ಹೆಸರಿಸಿದ ನಾಲ್ಕೂ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಸದಸ್ಯರಲ್ಲಿ ಒಂದು ಕೋರಿಕೆ. ಈ ಸಲ ಜೂನ್ ತಿಂಗಳಲ್ಲಿ ಸಸಿಗಳ ಲಾರಿ ಬಂದು ನಿಂತಾಗ ಗೋಮಾಳದ ಕಡೆ ಕೈ ತೋರಿಸಬೇಡಿ. ಉದ್ಯೋಗ ಖಾತ್ರಿಯ ಆಳುಗಳಿದ್ದರೆ ಗುಂಡಿ ತೋಡಿಸುವ ಬದಲು ಲಂಟಾನವನ್ನು ಬೇರು ಸಮೇತ ಕೀಳಿಸಿ, ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕೀಳಿಸಿ. ಕುರಿ ಮೇಯಿಸುವವರನ್ನೂ ದನ ಇರುವವರನ್ನೂ ಕೂರಿಸಿಕೊಂಡು ಗೋಮಾಳವನ್ನು ಮೂರು ಪಾಲು ಮಾಡಿ. ಮುಂಗಾರಿನಿಂದ ದೀಪಾವಳಿವರೆಗೆ ಒಂದು ಪಾಲಿಗೆ ಯಾರ ರಾಸೂ ಹೋಗಬಾರದು, ಹುಲ್ಲು ತೆನೆ ಕಟ್ಟಿ ಬೀಜ ಉದುರಿಸಿದ ಮೇಲೆ ಬಿಡಲಿ. ಮುಂದಿನ ವರ್ಷ ಇನ್ನೊಂದು ಪಾಲು. ಇದಕ್ಕೆ ಬೇಕಾದದ್ದು ಗ್ರಾಮಸಭೆಯ ಒಂದು ಠರಾವು ಮತ್ತು ಮೂರು ವರ್ಷದ ತಾಳ್ಮೆ.